ಕಲಬುರಗಿ ಬಿಸಿಲಲ್ಲಿ ಜಲಾಂತರ್ಗಾಮಿಗೆ ಬಣ್ಣ

ಜಲಾಂತರ್ಗಾಮಿಯ ಪ್ಲಾಸ್ಟಿಕ್ ಮಾದರಿ ಹೆಚ್ಚಾಗಿ ಕೆಡುವುದು ತುಕ್ಕಿನ ಹಂತದಲ್ಲಿ. ಗುಜರಿ ಅಂಗಡಿಯ ಡ್ರಮ್ಮಿನ ಹಾಗೆ ಎಲ್ಲೆಂದರಲ್ಲಿ ಕೆಂಪು ಮೆತ್ತಿಬಿಡುತ್ತಾರೆ. ಒಡಲು ಹಳತಾಗುವುದು ನೀರು ಇಳಿಯುವ ದಾರಿಯಲ್ಲಿ. ಆ ದಾರಿ ಮೊದಲು ಗುರುತಿಸಿಕೊಳ್ಳಿ.

1:350 ಅಳತೆಯ (ನಿಜದ 350ರಲ್ಲೊಂದು ಪಾಲು) ಫಾಕ್ಸ್‌ಟ್ರಾಟ್ ಅನ್ನೇ ತಗೊಳ್ಳೋಣ, ಇದು ಸೋವಿಯತ್ ಕಾಲದ ಜಲಾಂತರ್ಗಾಮಿ ವರ್ಗ. ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಮ್ಯೂಸಿಯಂ ಆಗಿರುವ ಐಎನ್‌ಎಸ್ ಕುರ್ಸುರಾ ಈ ವರ್ಗದ್ದೇ. 1969ರಲ್ಲಿ ಸೇವೆಗೆ ಬಂದು 2001ರಲ್ಲಿ ನಿವೃತ್ತಿಯಾಯಿತು. ಉದ್ದ ಸುಮಾರು 91 ಮೀಟರ್, ಮಾದರಿಯಲ್ಲಿ 26 ಸೆಂ.ಮೀ. ಆಕಾರಕ್ಕೆ ಅದರ ಈಗಿನ ಫೋಟೊ ಸಾಕು. ಸವೆತಕ್ಕೆ ಮಾತ್ರ ಕಡಲಲ್ಲಿದ್ದ ಹಡಗುಗಳ ಹಳೆಯ ಫೋಟೊ ನೋಡಿ.

ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆದು, ಕೊನೆಗೆ ಆರ್‌ಒ ನೀರಲ್ಲಿ ಜಾಲಿಸಿ. ನಮ್ಮ ಬೋರ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಪ್ರೈಮರ್ (ಬಣ್ಣಕ್ಕೂ ಮೊದಲಿನ ತಳಕೋಟ್) ಅದರ ಮೇಲೆ ಹಿಡಿಯುವುದಿಲ್ಲ. ಜೋಡಣೆಯ ಗೆರೆಗೆ ಪುಟ್ಟಿ ತುಂಬಿ 400, 800, 1200ರ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿ. ಬೂದು ಪ್ರೈಮರ್ ಹೊಡೆದು ಪಕ್ಕದಿಂದ ಟಾರ್ಚ್ ಬಿಟ್ಟರೆ ಉಳಿದ ಗೆರೆ ಕಾಣುತ್ತದೆ.

ಮೊದಲು ಕೆಳಭಾಗದ ಕೆಂಪುಗಂದು: ಟಮಿಯಾ ಕಂಪನಿಯ ಎಕ್ಸ್‌ಎಫ್-9 ಬಣ್ಣ. ಒಂದು ದಿನ ಬಿಡಿ. ಒಡಲನ್ನು ಮಟ್ಟವಾಗಿ ಕೂರಿಸಿ, ನಾಣ್ಯಗಳ ಗುಪ್ಪೆಯ ಮೇಲೆ ಪೆನ್ಸಿಲ್ ಅಂಟಿಸಿ ಸುತ್ತಲೂ ಜರುಗಿಸಿದರೆ ನೀರಿನ ಮಟ್ಟದ ಗೆರೆ ನೇರವಾಗಿ ಬೀಳುತ್ತದೆ. ಗೆರೆಯ ಕೆಳಗೆ ಟೇಪ್ ಹಚ್ಚಿ, ಅಂಚಿನ ಮೇಲೆ ಮತ್ತೆ ಅದೇ ಕೆಂಪುಗಂದು ತೆಳ್ಳಗೆ ಹೊಡೆಯಿರಿ. ನುಸುಳುವುದಾದರೆ ಅದೇ ಬಣ್ಣ ನುಸುಳಲಿ. ಕಪ್ಪು ನುಸುಳಿದರೆ ಅಂಚು ಹಲ್ಲುಹಲ್ಲಾಗುತ್ತದೆ.

ಮೇಲಿನ ಕಪ್ಪಿಗೆ ಅಪ್ಪಟ ಕಪ್ಪು ಬೇಡ. ಬಿದರಿ ಹೂಜಿಯ ಕಪ್ಪು ಅಷ್ಟು ಎದ್ದು ಕಾಣುವುದು ಪಕ್ಕದಲ್ಲಿ ಬೆಳ್ಳಿ ಇರುವುದರಿಂದ. ಇಲ್ಲಿ ಬೆಳ್ಳಿಯಿಲ್ಲ, ಅಪ್ಪಟ ಕಪ್ಪು ವಿವರವನ್ನೆಲ್ಲ ನುಂಗುತ್ತದೆ. ಎಕ್ಸ್‌ಎಫ್-69 ನೇಟೋ ಬ್ಲ್ಯಾಕ್‌ಗೆ ಹತ್ತರಲ್ಲೊಂದು ಪಾಲು ತಿಳಿಬೂದು ಬೆರೆಸಿ. ಬಣ್ಣ ಒಂದು ಪಾಲಾದರೆ ಥಿನ್ನರ್ ಒಂದೂವರೆ, ಏರ್‌ಬ್ರಷ್‌ನ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನು) ಗಾಳಿಯ ಒತ್ತಡ 15 ಪಿಎಸ್‌ಐ.

ಬ್ಯಾಸಿಗಿಯಲ್ಲಿ ಇದೇ ಕಷ್ಟದ ಹಂತ. ಕೋಣೆ 40 ಡಿಗ್ರಿ ಮುಟ್ಟಿದರೆ ಬಣ್ಣ ಗಾಳಿಯಲ್ಲೇ ಒಣಗಿ ರವೆಯಾಗಿ ಬೀಳುತ್ತದೆ. ಬೆಳಿಗ್ಗೆ ಏಳರೊಳಗೆ ಹೊಡೆಯಿರಿ, ಏರ್‌ಬ್ರಷ್ 8 ಸೆಂ.ಮೀ.ಗೆ ಹತ್ತಿರ ತನ್ನಿ, ಬಣ್ಣಕ್ಕೆ ಎರಡು ಹನಿ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಹಾಕಿ. ಕೂಲರ್ ಬಂದ್ ಇರಲಿ: ಹಸಿ ಬಣ್ಣದ ಮೇಲೆ ಧೂಳು ತೂರುವುದೇ ಅದು. ರವೆ ಬಿದ್ದಿದ್ದರೆ ಒಣಗಿದ ಮೇಲೆ 2000ರ ಕಾಗದದಿಂದ ಹಗುರವಾಗಿ ಉಜ್ಜಿ, ಮತ್ತೊಂದು ತೆಳು ಕೋಟ್ ಕೊಡಿ.

ಹೊಳಪಿನ ಪಾರದರ್ಶಕ ವಾರ್ನಿಶ್ ಹೊಡೆದು ಒಂದು ದಿನ ಬಿಟ್ಟು ವಾಶ್‌ಗೆ, ಅಂದರೆ ನೀರಾಗಿಸಿದ ಬಣ್ಣ ಹರಿಸುವ ಕೆಲಸಕ್ಕೆ, ಇಳಿಯಿರಿ. ಬರ್ಂಟ್ ಅಂಬರ್ (ಕಡುಗಂದು) ಎಣ್ಣೆಬಣ್ಣ ಒಂದು ಪಾಲು, ವಾಸನೆಯಿಲ್ಲದ ವೈಟ್ ಸ್ಪಿರಿಟ್ ಹತ್ತು ಪಾಲು. ಒಡಲ ಪಕ್ಕದ ನೀರು ಹೊರಹೋಗುವ ಸೀಳುಗಳಿಗೆ ಸೂಜಿಮೊನೆಯ ಬ್ರಷ್‌ನಿಂದ ಮುಟ್ಟಿಸಿ, ಹತ್ತು ನಿಮಿಷ ಬಿಟ್ಟು, ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಚಪ್ಪಟೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಅಡ್ಡ ಎಳೆಯಬೇಡಿ. ಎಲ್ಲ ಸೀಳಿಗೂ ಒಂದೇ ಉದ್ದದ ಗೆರೆ ಬಂದರೆ ಬಾಚಣಿಗೆಯಂತಾಗುತ್ತದೆ, ಕೆಲವನ್ನು ಅರ್ಧಕ್ಕೇ ಒರೆಸಿ. ಸ್ಪಿರಿಟ್ ಹೆಚ್ಚಾಗಿ ಬರಿಯ ಪ್ಲಾಸ್ಟಿಕ್ ಜೋಡಣೆಗೆ ಇಳಿದರೆ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ.

ತುಕ್ಕಿಗೆ ಬೀದರಿನ ಕೆಂಪು ಮಣ್ಣು ಕೈಗೆ ಸಿಕ್ಕೇ ಇದೆ, ಬಳಸಲು ಆಸೆಯೂ ಆಗುತ್ತದೆ. ಆದರೆ 0.1 ಮಿ.ಮೀ. ಕಣವೊಂದು ಈ ಅಳತೆಯಲ್ಲಿ 35 ಮಿ.ಮೀ. ಜಲ್ಲಿಕಲ್ಲು! ಮೆತ್ತನೆಯ ಪೇಸ್ಟಲ್ ಕಡ್ಡಿಯನ್ನು ಕಾಗದಕ್ಕೆ ಉಜ್ಜಿದ ಪುಡಿಯೇ ವಾಸಿ. ಆಂಕರ್ ಗೂಡು, ಕೆಲವು ಸೀಳುಗಳ ಕೆಳಗೆ, ಅಷ್ಟೇ. ನೀರಿನ ಮಟ್ಟದಲ್ಲಿ ಒಂದೆರಡು ಮಿ.ಮೀ. ಅಗಲಕ್ಕೆ ಪಾಚಿಹಸಿರು, ಅದರ ಮೇಲಂಚಿಗೆ ಉಪ್ಪಿನ ತೆಳು ಬೂದುಬಿಳುಪು.

ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್. ಅದು ಬಿಳಿಪುಡಿಯಂತೆ ಕೂತರೆ ಕೆರೆಯಬೇಡಿ, ಮೇಲೊಂದು ಹೊಳಪು ವಾರ್ನಿಶ್‌ನ ತೆಳು ಕೋಟ್ ಕೊಟ್ಟರೆ ಹೆಚ್ಚಾಗಿ ಬಿಳುಪು ಹೋಗುತ್ತದೆ. ಮ್ಯಾಟ್ ಮರುದಿನ ಬೆಳಿಗ್ಗೆ ಮತ್ತೆ ಹೊಡೆಯಿರಿ.