ತೋಡಿಗೆ ಕಾಂಕ್ರೀಟ್ ಹಾಕಿದರೆ ನಿಮಗೇನು ತೊಂದರೆ?

"ಅಲ್ಲ ಮಾರಾಯರೇ, ತೋಡಿಗೆ ತಳದಿಂದಲೇ ಕಾಂಕ್ರೀಟ್ ಹಾಕಿ ನೀರನ್ನು ಬೇಗ ನದಿಗೆ ಬಿಟ್ಟರೆ ಆಯಿತಲ್ಲ, ನೀವೇಕೆ ಅಡ್ಡ ಬರುತ್ತೀರಿ?" ಮಂಗಳೂರಿನ ತೋಡು (ಸಣ್ಣ ಹಳ್ಳ), ಪಾರ್ಕುಗಳ ಉಳಿವಿಗಾಗಿ ಓಡಾಡುವ ನನಗೆ ಮದುವೆ ಮನೆಯಲ್ಲಿಯೂ ಈ ಪ್ರಶ್ನೆ ತಪ್ಪುವುದಿಲ್ಲ.

ಬೇಗ ಬಿಟ್ಟ ನೀರು ಹೋಗುವುದೆಲ್ಲಿಗೆ? ನೇತ್ರಾವತಿ, ಫಲ್ಗುಣಿ ಎರಡೂ ಅಳಿವೆಯ ಸಮೀಪ ಕಡಲಿನ ಏರಿಳಿತಕ್ಕೆ ಒಳಪಟ್ಟಿವೆ. ಭರತದ, ಅಂದರೆ ಕಡಲು ಏರುವ ಹೊತ್ತಿನಲ್ಲಿ ಜೋರು ಮಳೆ ಬಂದರೆ ನದಿಯು ತೋಡಿನ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾಂಕ್ರೀಟಿನ ಮೇಲೆ ಜಾರಿ ಬಂದದ್ದೆಲ್ಲ ತಗ್ಗಿನ ಮನೆಗಳ ಅಂಗಳಕ್ಕೆ ನುಗ್ಗುತ್ತದೆ. 2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿ ಮುಳುಗಿದ್ದನ್ನು ಇಡೀ ಊರು ನೋಡಿದೆ. ನೀರು ನಿಧಾನಿಸಲು ನಡುವೆ ಗದ್ದೆ, ಬೈಲುಗಳಿರಬೇಕಿತ್ತು. ಅವು ಸೈಟುಗಳಾಗಿವೆ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇಸಗೆ. ನಮ್ಮ ಗುಡ್ಡಗಳದ್ದು ತೂತುಗಳಿರುವ ಮುರಕಲ್ಲು. ನೆತ್ತಿಯಲ್ಲಿ ಇಂಗಿದ ಮಳೆ ಮೆಲ್ಲನೆ ಇಳಿದು, ಬುಡದಲ್ಲಿ ಒರತೆಯಾಗಿ ತೋಡು ಸೇರುತ್ತದೆ. ಮಳೆ ನಿಂತ ಮೇಲೂ ತೋಡು ಹರಿಯುವುದು ಈ ನೀರಿನಿಂದಲೇ. ತಳಕ್ಕೆ ಕಾಂಕ್ರೀಟ್ ಬಿದ್ದರೆ ಒರತೆಯ ಬಾಯಿ ಮುಚ್ಚುತ್ತದೆ, ತೋಡಿನ ನೀರು ನೆಲಕ್ಕೆ ಇಳಿಯುವುದೂ ನಿಲ್ಲುತ್ತದೆ. ಹಿರಿಯರು ಮಳೆಗಾಲ ಮುಗಿದೊಡನೆ ತೋಡಿಗೆ ಮಣ್ಣಿನ ಕಟ್ಟ ಹಾಕುತ್ತಿದ್ದರು. ಅದರಿಂದ ಗದ್ದೆಗೂ ನೀರು, ಆಸುಪಾಸಿನ ಬಾವಿಗಳಿಗೂ ನೀರು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರು ಮೇ ತಿಂಗಳಲ್ಲಿ, ತನಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಹುಡುಕುವುದು ನನಗೆ ಸಹಿಸಲಾಗದ ಸಂಗತಿ.

ಪಾರ್ಕುಗಳಿಗೆ ಇಂಟರ್‌ಲಾಕ್ ಹಾಸಬೇಡಿ ಎಂದು ನಾನು ಹಟ ಹಿಡಿಯುವುದೂ ಇದಕ್ಕೇ. ಗುಡ್ಡದ ಮೇಲಿನ ಪಾರ್ಕಿನ ಮಣ್ಣು ಕುಡಿದ ನೀರೇ ಕೆಳಗಿನ ಬಾವಿಗೆ ಬರುತ್ತದೆ.

ಹಾಗೆಂದು ತಡೆಗೋಡೆಯೇ ಬೇಡ ಎನ್ನುವವನಲ್ಲ. ಮನೆ ಅಂಚಿಗೇ ಇದ್ದರೆ ಗೋಡೆ ಬೇಕು, ಆದರೆ ಬದಿಗೆ ಮಾತ್ರ. ತಳ ಮಣ್ಣಾಗಿಯೇ ಇರಲಿ. ಜಾಗವಿದ್ದಲ್ಲಿ ಕೇದಗೆ ಜಾತಿಯ ಮುಂಡೇವು ಬೆಳೆಯಲಿ. ಅದರ ಬೇರು ದಂಡೆಯನ್ನು ಹಿಡಿದಿಡುತ್ತದೆ, ಅಷ್ಟಮಿಯ ಮೂಡೆಗೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ) ಎಲೆಯೂ ಸಿಗುತ್ತದೆ.

ನೀವು ಇಲ್ಲಿ ಜಾಗ ಕೊಳ್ಳುವವರಾದರೆ ಗ್ರಾಮ ನಕ್ಷೆಯನ್ನೂ ತರಿಸಿ ನೋಡಿ. ಅದರಲ್ಲಿ ತೋಡು ಪರಂಬೋಕು (ತೋಡಿನ ಸರಕಾರಿ ಜಾಗ) ಎಂದಿದ್ದು, ಸ್ಥಳದಲ್ಲಿ ಸಮತಟ್ಟು ಮಣ್ಣು ಕಂಡರೆ, ಮುಂಗಡ ಕೊಡುವ ಮೊದಲು ತೋಡು ಎಲ್ಲಿ ಹೋಯಿತೆಂದು ಕೇಳಿ.