ಗಾಲ್ಫ್ ಕೋರ್ಸ್ ಮುಚ್ಚಿದರೆ ನಿನಗೇನಮ್ಮ ನಷ್ಟ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮದುವೆಮನೆಯಲ್ಲಿ ಕೇಳಿದ್ದಾರೆ, ಆಫೀಸಿನಲ್ಲಿ ಕೇಳಿದ್ದಾರೆ, ಬೆಂಗಳೂರಿನ ಸ್ಯಾಂಕಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಗಾಲ್ಫ್ ಕೋರ್ಸಿನ ಆ ಎತ್ತರದ ಬಲೆ ಕಡೆ ಕೈ ತೋರಿಸಿ ಪಕ್ಕದ ಸೀಟಿನವರು ಕೇಳಿದ್ದಾರೆ. ಊರ ನಡುವೆ ಅಷ್ಟು ಜಾಗ ನಾಲ್ಕು ಜನ ಸಾಹುಕಾರರ ಆಟಕ್ಕೆ ಯಾಕೆ, ಮುಚ್ಚಿ ಪಾರ್ಕ್ ಮಾಡಬಾರದಾ ಅಂತ. ನಮ್ಮಪ್ಪ ಕ್ಯಾಡಿ, ಅಂದರೆ ಗಾಲ್ಫ್ ಆಡುವವರ ಬ್ಯಾಗ್ ಹೊತ್ತು ಜೊತೆಗೆ ನಡೆಯುವವರು, ಆಗಿದ್ದರು ಅಂತ ಗೊತ್ತಿರುವವರು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ. ನನಗೆ ಮೈ ಉರಿಯುವುದು ಆ ಮಾತಿಗೆ.

ಹೋದ ತಿಂಗಳು ರಾಜಾಜಿನಗರದಲ್ಲಿ ಚಿಕ್ಕಮ್ಮನ ಮೊಮ್ಮಗನ ನಾಮಕರಣ. ಪಂಕ್ತಿಯಲ್ಲಿ ಕೂತಿದ್ದೆ, ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು. ಎದುರು ಸಾಲಿನಿಂದ ಮಾವ ಒಬ್ಬರು ಫೋನ್ ಎತ್ತಿ ತೋರಿಸಿದರು. "ನೋಡಮ್ಮ, ಆಸ್ಟ್ರೇಲಿಯಾದಲ್ಲೇ ಸರ್ಕಾರಿ ಗಾಲ್ಫ್ ಕೋರ್ಸ್ ನಡೆಸೋಕಾಗದೆ ಮುಚ್ಚಿ ಪಾರ್ಕ್ ಮಾಡಿದಾರೆ. ನಿಮ್ಮಪ್ಪ ಮೂವತ್ತು ವರ್ಷ ಕಂಡೋರ ಬ್ಯಾಗ್ ಹೊತ್ತರು. ಮುಚ್ಚಿ ಅಂತ ಮೊದಲು ನೀನು ಹೇಳಬೇಕು. ಮುಚ್ಚಿದರೆ ನಿನಗೇನಮ್ಮ ನಷ್ಟ?" ಸಾಲಿನವರೆಲ್ಲ ತಿರುಗಿ ನೋಡಿದರು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಎಲೆಯಿಂದ ತಲೆ ಎತ್ತಲಿಲ್ಲ.

ಮಾವ, ಮೊದಲು ಆ "ಹೊತ್ತರು" ಅನ್ನೋದನ್ನ ಬಿಡಿ. ಹೊರುವುದು ಆ ಕೆಲಸದಲ್ಲಿ ಕಾಲು ಭಾಗ. ಮಿಕ್ಕಿದ್ದು ಕಣ್ಣಿನ ಕೆಲಸ. ಬೆಳಿಗ್ಗೆ ಇಬ್ಬನಿ ಇರುವಾಗ ಗ್ರೀನ್ ಮೇಲೆ, ಅಂದರೆ ಬಾಲ್ ಬೀಳಬೇಕಾದ ಗುಂಡಿಯ (ಹೋಲಿನ) ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಬಾಲ್ ಎಷ್ಟು ನಿಧಾನಕ್ಕೆ ಉರುಳುತ್ತದೆ, ಹತ್ತು ಗಂಟೆಗೆ ಬಿಸಿಲೇರಿದ ಮೇಲೆ ಎಷ್ಟು ಜಾರುತ್ತದೆ ಅನ್ನುವುದು ಅಪ್ಪನ ಪಾದಕ್ಕೆ ಗೊತ್ತಿತ್ತು. ಹೋಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಹುಲ್ಲು ಯಾವ ಕಡೆ ಮಲಗಿದೆ ಅಂತ ನೋಡಿ, "ಸರ್, ಎರಡು ಕಪ್ ಎಡಕ್ಕೆ" ಅನ್ನುತ್ತಿದ್ದರಂತೆ. ಒಂದು ಕಪ್ ಅಂದರೆ ಹೋಲಿನ ಅಗಲ, ನಾಲ್ಕೂಕಾಲು ಇಂಚು. ಮೇಲಿಂದ ಬಿದ್ದ ಬಾಲಿನಿಂದ ಗ್ರೀನಿನಲ್ಲಿ ಗುಳಿಯಾದರೆ ಎರಡು ಹಲ್ಲಿನ ಸಣ್ಣ ಫೋರ್ಕ್ ಚುಚ್ಚಿ, ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಿ, ಮೇಲೆ ತಟ್ಟಿ ಸಮ ಮಾಡುವುದು. ಬೇರೆಯವರು ಬಿಟ್ಟುಹೋದ ಗುಳಿ ಕಂಡರೂ ಅಪ್ಪ ಸುಮ್ಮನೆ ದಾಟುತ್ತಿರಲಿಲ್ಲ. ಆ ಫೋರ್ಕ್ ಈಗಲೂ ನಮ್ಮನೆ ಬೀಗದ ಕೈ ಗೊಂಚಲಿನಲ್ಲಿದೆ.

ಹಾಗಂತ ಆ ಜಾಗ ಅಪ್ಪನನ್ನು ಚೆನ್ನಾಗಿ ನೋಡಿಕೊಂಡಿತು ಅಂತ ಸುಳ್ಳು ಹೇಳುವುದಿಲ್ಲ. ಅಪ್ಪ ದುಡಿದ ಕಡೆ ಕ್ಯಾಡಿಗಳಿಗೆ ಹಿಂದಿನ ಗೇಟು. ಬ್ಯಾಗ್ ಸಿಕ್ಕ ದಿನ ದುಡ್ಡು, ಮಳೆ ಹಿಡಿದ ದಿನ ಇಲ್ಲ. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಸೋಮವಾರ ಮೆಂಬರುಗಳಿಗೆ ರಜೆ, ಅವತ್ತು ಕ್ಯಾಡಿಗಳು ಆಡಬಹುದಿತ್ತು. ವಾರವೆಲ್ಲ ಬೇರೆಯವರಿಗೆ ದಾರಿ ಹೇಳಿದ ಅಪ್ಪ ಸೋಮವಾರ ತಾವೇ ಹೊಡೆಯುತ್ತಿದ್ದರು. ಸ್ಕೂಲಿಗೆ ರಜೆ ಇದ್ದಾಗ ನಾನು ಕಾಂಪೌಂಡಿನ ಈಚೆ ಒಂದು ಕಲ್ಲಿನ ಮೇಲೆ ನಿಂತು ನೋಡುತ್ತಿದ್ದೆ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ.

ಈ ಆಟದ ಮೇಲೆ ಸಿಟ್ಟಾಗುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಆದರೂ ಮುಚ್ಚಿ ಅನ್ನಲಾರೆ.

ಮಾವ ತೋರಿಸಿದ್ದು ಬ್ರಿಸ್ಬೇನ್ ನಗರದ ಸುದ್ದಿ. ಅಲ್ಲಿ ವಿಕ್ಟೋರಿಯಾ ಪಾರ್ಕ್ ಅಂತ 18 ಹೋಲಿನ ಕೋರ್ಸ್ ಇತ್ತು, 1931ರಿಂದ. ನಗರಪಾಲಿಕೆಯದೇ ಜಾಗ, ಯಾರು ಬೇಕಾದರೂ ದುಡ್ಡು ಕೊಟ್ಟು ಆಡಬಹುದಿತ್ತು. ಆಡುವವರು ಕಡಿಮೆಯಾದರು ಅಂತ 2021ರಲ್ಲಿ ಮುಚ್ಚಿ, ಇನ್ನು ಇದು ಎಲ್ಲರ ಪಾರ್ಕ್ ಅಂದರು. ಮಾವನ ಫೋನಿಗೆ ಬಂದ ಸುದ್ದಿ ಅಲ್ಲಿಗೇ ನಿಂತಿದೆ. ಮುಂದೇನಾಯಿತು ಅನ್ನುವುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2025ರಲ್ಲಿ ಅಲ್ಲಿನ ರಾಜ್ಯ ಸರ್ಕಾರ 2032ರ ಒಲಿಂಪಿಕ್ಸಿಗೆ ಅದೇ ಪಾರ್ಕಿನಲ್ಲಿ 63,000 ಜನ ಕೂರುವ ಸ್ಟೇಡಿಯಂ ಕಟ್ಟುತ್ತೇವೆ ಅಂತ ಘೋಷಿಸಿತು. ಈಗ ಅಲ್ಲಿ ನಡೆಯುತ್ತಿರುವುದು ಪಾರ್ಕ್ ಉಳಿಸಿ ಅನ್ನುವ ಹೋರಾಟ. ಸಿಡ್ನಿಯ ಮೂರ್ ಪಾರ್ಕಿನಲ್ಲೂ ಇಂಥದೇ ಜಗಳ. ಅಲ್ಲಿ 2023ರಲ್ಲಿ ಸರ್ಕಾರ ಆಟಕ್ಕೆ 9 ಹೋಲ್ ಉಳಿಸಿ ಮಿಕ್ಕ ಜಾಗ ಪಾರ್ಕಿಗೆ ಅಂದಿತು. ಅದು ನನಗೆ ನ್ಯಾಯವಾಗಿ ಕಾಣುತ್ತದೆ. ಹಾಗೆ ಹಂಚಿಕೊಳ್ಳುವ ಮಾತನ್ನು ಮಾವನೂ ಆಡಲಿಲ್ಲ, ನನ್ನನ್ನು ಕೇಳಿದ ಇನ್ನೊಬ್ಬರೂ ಆಡಲಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆ ಇದ್ದ ಕಡೆ ನ್ಯಾಷನಲ್ ಗೇಮ್ಸ್ ವಿಲೇಜ್. ಚಲ್ಲಘಟ್ಟದ ಕೆರೆ ಅಂಗಳದಲ್ಲಿ ಎದ್ದಿರುವುದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ (ಕೆಜಿಎ) ಕೋರ್ಸ್, ಅದನ್ನೂ ಮುಚ್ಚಿಟ್ಟು ಮಾತಾಡಬಾರದು. ಈ ಊರಲ್ಲಿ ಬಯಲು ಬಯಲಾಗಿ ಉಳಿಯಬೇಕಾದರೆ ಅದಕ್ಕೊಬ್ಬ ಕಾವಲುಗಾರ ಬೇಕು. ಸದ್ಯಕ್ಕೆ ಆ ಹುಲ್ಲಿಗೆ ಗಾಲ್ಫ್ ಕಾವಲಿದೆ. ಹುಲ್ಲಿರುವ ತನಕ ಮಳೆ ನೀರು ಇಂಗುತ್ತದೆ. ಒಂದು ಸಲ ಪಾಯ ತೋಡಿದರೆ ಮುಗಿಯಿತು.

ಮಾವ, ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. ಮುಚ್ಚಬೇಕಾ ಅಂತಲ್ಲ, ಗೇಟು ಯಾಕೆ ತೆಗೆದಿಲ್ಲ ಅಂತ. 1876ರಲ್ಲೇ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ ಊರು ಇದು. ಇವತ್ತು ಒಬ್ಬ ಆಟೋ ಡ್ರೈವರಿನ ಮಗಳು ಆಡಬೇಕು ಅಂದರೆ, ಟಿಕೆಟ್ ತಗೊಂಡು ಒಳಗೆ ಹೋಗೋಣ ಅನ್ನುವಂಥ ಪಾಲಿಕೆಯ ಕೋರ್ಸ್ ಒಂದೂ ಇಲ್ಲ. ನಮ್ಮೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಮನೆಯಲ್ಲಿ ಮೊದಲು ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಅವರಿಗೆ ಐದು ವರ್ಷವಿದ್ದಾಗ ಮನೆಯವರೆಲ್ಲ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕೆಜಿಎ ಡ್ರೈವಿಂಗ್ ರೇಂಜ್, ಅಂದರೆ ಬಾಲ್ ಹೊಡೆದು ಅಭ್ಯಾಸ ಮಾಡುವ ಬಯಲು, ಕಾಣುತ್ತಿತ್ತು. ಕುತೂಹಲಕ್ಕೆ ಹೋದರು, ಹೊಡೆಯಲು ಬಿಟ್ಟರು. ಅಷ್ಟೇ, ಒಂದು ಗೇಟು ತೆರೆದಿತ್ತು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ 4ನೇ ಸ್ಥಾನಕ್ಕೆ ಬಂದರು. ಬೆಳಗಿನ ಜಾವ ಎದ್ದು ಕೂತಿದ್ದ ಅಪ್ಪ ಅವರು ಗ್ರೀನ್ ಮೇಲೆ ಬಾಲನ್ನು ಮೆಲ್ಲಗೆ ಹೋಲಿನ ಕಡೆ ಉರುಳಿಸುವ ಪ್ರತಿ ಪಟ್‌ಗೂ "ನಿಧಾನ ಮೇಡಂ, ನಿಧಾನ" ಅಂತ ಟಿವಿಗೆ ಹೇಳುತ್ತಿದ್ದರು. ಕ್ಯಾಡಿಯಾಗಿ ಶುರು ಮಾಡಿದ ನಮ್ಮೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ದಿನ ನಮ್ಮನೆಯಲ್ಲಿ ಪಾಯಸ ಆಗಿತ್ತು.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಈಗಿರುವ ಕೋರ್ಸುಗಳು ವಾರದಲ್ಲಿ ಒಂದು ದಿನ ಊರಿನ ಮಕ್ಕಳಿಗೆ ಬಾಗಿಲು ತೆಗೆಯಲಿ. ಪಾಲಿಕೆ ಎಲ್ಲಾದರೂ ಹತ್ತು ಎಕರೆಯಲ್ಲಿ ಒಂದು ರೇಂಜ್, ಒಂದು ಪಟ್ಟಿಂಗ್ ಗ್ರೀನ್ ಮಾಡಲಿ. ಅಪ್ಪನಂಥ ಹಳೆಯ ಕ್ಯಾಡಿಗಳಿಗೆ ಅಲ್ಲಿ ಹೇಳಿಕೊಡುವ ಕೆಲಸ, ತಿಂಗಳ ಸಂಬಳ ಕೊಡಲಿ.

ಇದು ಆಗುವ ಮಾತಲ್ಲ ಅನ್ನುವವರು ದೆಹಲಿಗೆ ಹೋಗಿ ನೋಡಲಿ. ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸ್ ಇದೆ, ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ನಡೆಸುವ ಸಾರ್ವಜನಿಕ ಕೋರ್ಸ್. ಆಫೀಸಿನ ಕೆಲಸದ ಮೇಲೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ದುಡ್ಡು ಕೊಟ್ಟು ಒಂದು ಬುಟ್ಟಿ ಬಾಲ್ ತಗೊಂಡೆವು. ಅಪ್ಪ ರಸೀದಿಯನ್ನು ಬಿಡಿಸಿ ಹಿಡಿದು ಸೆಕ್ಯುರಿಟಿಯವರ ಮುಂದೆ ನಿಂತರು. ಅವರು ರಸೀದಿ ನೋಡಲೂ ಇಲ್ಲ, ಹೋಗಿ ಅಂತ ಕೈಯಾಡಿಸಿದರು. ಎರಡು ಹೆಜ್ಜೆ ಹೋಗಿ ಅಪ್ಪ ನಿಂತುಬಿಟ್ಟರು.

"ಇದು ಮುಂದಿನ ಗೇಟೇ ಅಲ್ವಾ?" ಅಂತ ಕೇಳಿದರು.

ಹೌದಪ್ಪ ಅಂದೆ. ಒಳಗೆ ಹೋಗಿ ಮೊದಲು ಬಾಲ್ ಹೊಡೆಯುವ ಕೋಲು, ಕ್ಲಬ್, ನನ್ನ ಕೈಗೆ ಕೊಟ್ಟರು. ಎಡಗೈ ಹೆಬ್ಬೆರಳು ಎಲ್ಲಿಡಬೇಕು, ಅದರ ಮೇಲೆ ಬಲಗೈ ಹೇಗೆ ಕೂರಬೇಕು ಅಂತ ಬೆರಳು ಬೆರಳು ಹಿಡಿದು ತೋರಿಸಿದರು. ಅವತ್ತು ನನಗೆ ಮೂವತ್ತೆಂಟು ವರ್ಷ.