ಮೋವಾಬ್ಯರ ಹುಟ್ಟಿನ ಕಥೆ ಹೇಳಿದ್ದು ಅವರ ಶತ್ರುಗಳು

ಬೈಬಲ್ ಓದೋಕೆ ಶುರು ಮಾಡಿದೋರು ಆದಿಕಾಂಡದ 10ನೇ ಅಧ್ಯಾಯ ಬಂತು ಅಂದ್ರೆ ಸಾಮಾನ್ಯವಾಗಿ ಸ್ಕಿಪ್ ಮಾಡ್ತಾರೆ, ಅಲ್ಲಿರೋದು ಬರೀ ಹೆಸರು. ಜಲಪ್ರಳಯ ಆದ್ಮೇಲೆ ನೋಹನ ಮಕ್ಕಳು ಶೇಮ್, ಹಾಮ್, ಯೆಫೆತ್ ಇವರಿಂದ ಯಾವ್ಯಾವ ಜನಾಂಗ ಬಂತು ಅನ್ನೋ ಪಟ್ಟಿ, ಒಟ್ಟು 70 ಅಂತ ಯೆಹೂದಿ ಸಂಪ್ರದಾಯದ ಲೆಕ್ಕ. ನನಗಂತೂ ಇದು ಬಲು ಇಂಟರೆಸ್ಟಿಂಗ್. ಇಸ್ರಾಯೇಲ್ಯರಿಗಿಂತ ಮೊದಲು ಆ ನೆಲದಲ್ಲಿದ್ದ ಕಾನಾನ್ಯರ ಭಾಷೆ ಇಸ್ರಾಯೇಲ್ಯರ ಹೀಬ್ರೂಗೆ ತೀರಾ ಹತ್ತಿರದ್ದು, ಆದ್ರೆ ಪಟ್ಟಿಯಲ್ಲಿ ಅವರು ಇಸ್ರಾಯೇಲ್ಯರ ಹಾಗೆ ಶೇಮನ ಕಡೆ ಇಲ್ಲ, ಈಜಿಪ್ಟಿನ ಜೊತೆ ಹಾಮನ ಕಡೆ ಹೋಗಿದಾರೆ. ರಕ್ತಸಂಬಂಧಕ್ಕಿಂತ ಯಾರನ್ನ ಕಂಡ್ರೆ ಆಗಲ್ಲ ಅನ್ನೋದೇ ಇಲ್ಲಿ ಜಾಸ್ತಿ ಕೆಲಸ ಮಾಡಿದೆ ಅನ್ಸುತ್ತೆ.

ಇಸ್ರಾಯೇಲಿನ ಪಕ್ಕದ ರಾಜ್ಯ ಮೋವಾಬಿನವರ, ಅಂದ್ರೆ ಮೋವಾಬ್ಯರ ಕಥೆಯಲ್ಲಂತೂ ಇದು ಎದ್ದು ಕಾಣುತ್ತೆ. ಸೊದೋಮ್ ಪಟ್ಟಣ ಸುಟ್ಟುಹೋದ್ಮೇಲೆ, ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನ ತಮ್ಮನ ಮಗ ಲೋಟ ಇಬ್ಬರು ಹೆಣ್ಣುಮಕ್ಕಳ ಜೊತೆ ಗವಿಯಲ್ಲಿರ್ತಾನೆ, ಅವರು ಅಪ್ಪನಿಗೆ ದ್ರಾಕ್ಷಾರಸ ಕುಡಿಸಿ ಅವನಿಂದಲೇ ಬಸುರಾಗ್ತಾರೆ, ಹಿರಿಯಳ ಮಗ ಮೋವಾಬ್ಯರ ಮೂಲಪುರುಷ, ಕಿರಿಯಳ ಮಗ ಅಮ್ಮೋನ್ಯರ ಮೂಲಪುರುಷ. ಪಕ್ಕದ ರಾಜ್ಯದವರ ಬಗ್ಗೆ ಇದಕ್ಕಿಂತ ಕೆಟ್ಟದಾಗಿ ಇನ್ನೇನು ಹೇಳೋಕಾಗುತ್ತೆ! ಅಪ್ಪಟ ದಾಯಾದಿ ಜಗಳದ ಮಾತು, ಬೈತಾ ಬೈತಾನೇ ನೀವೂ ನಮ್ಮ ಮನೆತನದವರೇ ಅಂತ ಒಪ್ಕೊಂಡ ಹಾಗೆ.

ಬೈಬಲ್ಲಿನ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡ ನೋಡಿದ್ರೂ ಇದೇ ಎಳೆದಾಟ. 2ನೇ ಅಧ್ಯಾಯದಲ್ಲಿ ಮೋವಾಬ್ಯರ ತಂಟೆಗೆ ಹೋಗಬೇಡಿ, ಆ ನೆಲವನ್ನ ಲೋಟನ ವಂಶದವರಿಗೆ ನಾನೇ ಕೊಟ್ಟಿದೀನಿ ಅಂತಾನೆ ದೇವರು, 23ನೇ ಅಧ್ಯಾಯಕ್ಕೆ ಬಂದ್ರೆ ಹತ್ತು ತಲೆಮಾರಾದ್ರೂ ಮೋವಾಬ್ಯರನ್ನ ದೇವರ ಸಭೆಗೆ ಸೇರಿಸಬಾರದು. ಆದ್ರೆ ರೂತಳು? ಅವಳೂ ಮೋವಾಬಿನವಳೇ, ವಿಧವೆ, ಅತ್ತೆ ಜೊತೆ ಬೆತ್ಲೆಹೇಮಿಗೆ ಬಂದು ಬೋವಜನನ್ನ ಮದುವೆಯಾಗಿ ಇಸ್ರಾಯೇಲಿನ ರಾಜ ದಾವೀದನಿಗೆ ಮುತ್ತಜ್ಜಿ ಆದೋಳು. ಆ ನಿಯಮ ಪಾಲಿಸಿದ್ರೆ ದಾವೀದನ ಕಥೆ ಏನಾಗ್ತಿತ್ತೋ!

ಮೋವಾಬ್ಯರ ಕಡೆ ಮಾತೂ ಉಳಿದಿದೆ. 1868ರಲ್ಲಿ ಈಗಿನ ಜೋರ್ಡಾನಿನ ದೀಬಾನ್‌ನಲ್ಲಿ ಕ್ರಿ.ಪೂ. 9ನೇ ಶತಮಾನದ ಶಾಸನ ಸಿಕ್ತು, ಮರುವರ್ಷ ಗಲಾಟೆಯಲ್ಲಿ ಒಡೆದು ಚೂರಾಯ್ತು, ಪುಣ್ಯಕ್ಕೆ ಅಷ್ಟರಲ್ಲೇ ಕಾಗದ ಒತ್ತಿ ಅಚ್ಚು ತೆಗೆದಿದ್ರು, ಚೂರು ಜೋಡಿಸಿದ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದನ್ನ ಹಾಕಿಸಿದೋನು ಮೋವಾಬಿನ ರಾಜ ಮೇಷ. ಬೈಬಲ್ ಪ್ರಕಾರ ಇವನು ಇಸ್ರಾಯೇಲಿಗೆ ಒಂದು ಲಕ್ಷ ಕುರಿಮರಿ, ಒಂದು ಲಕ್ಷ ಟಗರುಗಳ ಉಣ್ಣೆ ಕಪ್ಪ ಕೊಡ್ತಿದ್ದವನು. ಶಾಸನದಲ್ಲಿ ನಮ್ಮ ದೇವರು ಕೆಮೋಷ್‌ಗೆ ಸಿಟ್ಟು ಬಂದಿತ್ತು ಅದಕ್ಕೇ ಇಸ್ರಾಯೇಲಿನ ರಾಜ ಒಮ್ರಿ ನಮ್ಮನ್ನ ತುಳಿದ, ಈಗ ಇಸ್ರಾಯೇಲ್ ಸರ್ವನಾಶ ಆಯ್ತು ಅಂತ ಜಂಬ ಕೊಚ್ಕೋತಾನೆ. ಭಾಷೆ ಹೆಚ್ಚುಕಮ್ಮಿ ಹೀಬ್ರೂನೇ, ಧಾಟಿಯೂ ಅದೇ, ದೇವರ ಹೆಸರು ಮಾತ್ರ ಬೇರೆ. ಗವಿಯ ಕಥೆ ಅಲ್ಲಿಲ್ಲ ಬಿಡಿ.

ಇಂಥ ಕಥೆಗಳನ್ನ ಮುಂದೆ ಬಳಸಿಕೊಂಡ ರೀತಿ ಮಾತ್ರ ಭಯಂಕರ. ಆದಿಕಾಂಡದಲ್ಲಿ ನೋಹ ಗುಲಾಮನಾಗು ಅಂತ ಶಪಿಸಿದ್ದು ಹಾಮನನ್ನಲ್ಲ, ಅವನ ಮಗ ಕಾನಾನನನ್ನ, ಚರ್ಮದ ಬಣ್ಣದ ಸುದ್ದಿಯೇ ಅಲ್ಲಿಲ್ಲ, ಆದ್ರೂ ಅಮೆರಿಕದಲ್ಲಿ ಕಪ್ಪು ಜನರ ಗುಲಾಮಗಿರಿಗೆ ಇದನ್ನೇ ಸಮರ್ಥನೆ ಮಾಡ್ಕೊಂಡ್ರು.

ವಂಶಾವಳಿಯ ಹೆಮ್ಮೆಗೆ ಸರಿಯಾಗಿ ಬಿಸಿ ಮುಟ್ಟಿಸಿದೋನು ಪ್ರವಾದಿ ಆಮೋಸ. 9ನೇ ಅಧ್ಯಾಯದಲ್ಲಿ ದೇವರ ಬಾಯಲ್ಲೇ ಕೇಳಿಸ್ತಾನೆ: ಇಸ್ರಾಯೇಲ್ಯರೇ, ನಿಮ್ಮನ್ನ ಈಜಿಪ್ಟಿನಿಂದ ಕರ್ಕೊಂಡು ಬಂದೆ ಸರಿ, ನಿಮ್ಮ ಶತ್ರುಗಳಾದ ಫಿಲಿಷ್ಟಿಯರನ್ನ ಕಫ್ತೋರಿನಿಂದ, ಅರಾಮ್ಯರನ್ನ ಕೀರಿನಿಂದ ಕರ್ಕೊಂಡು ಬಂದೋನೂ ನಾನೇ ಅಲ್ವಾ?